ಸ್ಪೇನಿನ ಅರಸರ ಕಾಲದ ಗೋವೆಯೂ ವಿಜಾಪುರದ ಪಡುವಣ ದಾರಿಯೂ

ವಿಜಾಪುರದ ಆದಿಲಶಾಹಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಬಡಗಣಕ್ಕೋ ತೆಂಕಣಕ್ಕೋ ಮುಖಮಾಡಿ ಬರೆಯುತ್ತಾರೆ. ಬಡಗಣಕ್ಕೆ ನಿಜಾಮಶಾಹಿ ಮತ್ತು ಮೊಗಲರು, ತೆಂಕಣಕ್ಕೆ ವಿಜಯನಗರ. ಈ ಎರಡು ದಿಕ್ಕುಗಳ ಯುದ್ಧಗಳಲ್ಲಿಯೇ ಗ್ರಂಥಗಳು ಮುಗಿದುಹೋಗುವವು. ಪಡುವಣ ದಿಕ್ಕಿಗೆ ಮಾತ್ರ ಇ. ಸ. 1510ರಲ್ಲಿ ಗೋವೆಯು ಕೈಬಿಟ್ಟಿತೆಂಬ ಒಂದೆರಡು ವಾಕ್ಯಗಳು ಸಾಕೆಂದು ತಿಳಿಯಲಾಗಿದೆ. ಆದರೆ ಯಾವ ರಾಜ್ಯದ ಬೊಕ್ಕಸಕ್ಕೆ ಬೆಳ್ಳಿಯೂ, ದಂಡಿಗೆ ಕುದುರೆಯೂ, ಹಾಜಿಗಳಿಗೆ ಹಡಗಿನ ದಾರಿಯೂ ಪಡುವಲಿಂದಲೇ ದೊರೆಯಬೇಕಾಗಿದ್ದವೋ ಆ ರಾಜ್ಯದ ವಿಚಾರದಲ್ಲಿ ಈ ಉದಾಸೀನವು ಸಲ್ಲತಕ್ಕದ್ದಲ್ಲ. ವಿಶೇಷವಾಗಿ ಇ. ಸ. 1580ರಿಂದ 1640ರ ವರೆಗಿನ ಅರವತ್ತು ವರ್ಷಗಳು ಗಮನಕ್ಕೆ ಅರ್ಹವಾಗಿವೆ. ಈ ಅವಧಿಯಲ್ಲಿ ಪೋರ್ತುಗಾಲದ ಸಿಂಹಾಸನವು ಸ್ಪೇನಿನ ಅರಸರಿಗೆ ಸೇರಿದ್ದರಿಂದ, ವಿಜಾಪುರದ ನೆರೆಯಲ್ಲಿದ್ದ ಆ ಪುಟ್ಟ ಕರಾವಳಿಯ ದೇಶಕ್ಕೆ ಒಡೆಯನಾದವನು ಪೆರು, ಮೆಕ್ಸಿಕೋ, ಪನಾಮಾ, ಫಿಲಿಪ್ಪೀನ್ ದ್ವೀಪಗಳಿಗೂ ಒಡೆಯನಾಗಿದ್ದನು. ಆ ಚಿಕ್ಕ ದೇಶದ ಭೂಸ್ಥಿತಿ, ಆಳಿಕೆ, ಜೀವನೋಪಾಯ ಇವು ಎಂತಿದ್ದವು, ಅವುಗಳಿಂದ ಮೇಲುನಾಡಿನ ಕನ್ನಡಿಗರಿಗೆ ಬಂದುದೇನು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದೆ.

ಮೊದಲು ದಾರಿಯ ಮಾತು. ವಿಜಾಪುರದ ಕೋಟೆಯ ಪಡುವಣ ಬಾಗಿಲನ್ನು ದಾಟಿ ಹೊರಟವನಿಗೆ ಮೊದಲು ತೊರವಿಯೂ, ಎರಡನೆಯ ಇಬ್ರಾಹಿಮ ಆದಿಲಶಹನು ಇ. ಸ. 1599ರಲ್ಲಿ ಕಟ್ಟಲಾರಂಭಿಸಿದ ನವರಸಪುರದ ಹಾಳುಗೋಡೆಗಳೂ ಎದುರಾಗುವವು. ಪಟ್ಟಣದಿಂದ ಸುಮಾರು 20 ಕಿಲೋಮೀಟರಿನ ಮೇಲೆ ತಿಕೋಟೆಯು ಸಿಗುತ್ತದೆ. ಅಲ್ಲಿಂದ ಮುಂದೆ ಅಥಣಿ, ರಾಯಬಾಗ, ಹುಕ್ಕೇರಿಗಳ ಮೇಲೆ ಹಾದು ಸಹ್ಯಾದ್ರಿಯ ಅಂಚನ್ನು ಸೇರಿ, ಘಟ್ಟವಿಳಿದರೆ ಬಾಂದಾ ಮತ್ತು ಗೋವೆಯ ನದೀಮುಖಗಳು. ಹದಿನೇಳನೆಯ ಶತಕದ ಯುರೋಪೀಯ ಪ್ರವಾಸ ವೃತ್ತಾಂತಗಳಲ್ಲಿ ಅಥಣಿಯು ದೊಡ್ಡ ಪೇಟೆಯೆಂದು ಹೆಸರಾಗಿದೆ. ತಿಕೋಟೆ, ಬಬಲೇಶ್ವರದ ಸೀಮೆಯ ಎರೆಯ ಹೊಲವನ್ನು ಕಂಡವರಿಗೆ ಈ ದಾರಿಯು ಏಕೆ ಬೇಕಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ. ಮಳೆ ಸ್ವಲ್ಪ, ಅದೂ ನಂಬತಕ್ಕದ್ದಲ್ಲ. ಡೋಣಿಯ ದಂಡೆಯ ನೆಲವು ಬೆಳೆದ ವರ್ಷ ಜೋಳಕ್ಕೆ ಹಗೇವು ಸಾಲದು. ಬೆಳೆಯದ ವರ್ಷ ಜನರು ಊರು ಬಿಡಬೇಕು. ಜೋಳ, ಹತ್ತಿ, ಕುಸುಬಿ ಇಷ್ಟು ಈ ನೆಲದ ಸ್ವಂತ ಸಂಪತ್ತು. ಉಪ್ಪು, ತೆಂಗು, ಅಡಿಕೆ, ಕುದುರೆ, ಬೆಳ್ಳಿ ಇವೆಲ್ಲ ಹೊರಗಿನಿಂದ ಬರತಕ್ಕವು. ಅವುಗಳಲ್ಲಿ ಬಹುಭಾಗವು ಘಟ್ಟವೇರಿ ಎತ್ತಿನ ಹೇರಿನ ಮೇಲೆಯೇ ಬರತಕ್ಕವು.

ಇನ್ನು ಘಟ್ಟದ ಕೆಳಗಿನ ನಾಡು. ಆ ಕಾಲದ ಪೋರ್ತುಗೀಜರ ಗೋವೆಯೆಂದರೆ ಇಂದಿನ ಗೋವೆಯಲ್ಲ. ಇಂದಿನ ಗೋವಾ ರಾಜ್ಯದ ವಿಸ್ತೀರ್ಣವು 3,702 ಚದರ ಕಿಲೋಮೀಟರು; ಅಂದು ಅವರ ವಶದಲ್ಲಿದ್ದ ತಿಸವಾಡಿ ದ್ವೀಪ, ಬಾರದೇಶ, ಸಾಷ್ಟಿ ಇವೆಲ್ಲ ಕೂಡಿದರೂ ಅದರ ಕಾಲುಭಾಗಕ್ಕಿಂತ ಕಡಿಮೆ. ತಿಸವಾಡಿಯನ್ನು ಆಲ್ಬುಕೆರ್ಕನು 1510ರ ನವೆಂಬರದಲ್ಲಿ ಎರಡನೆಯ ಸಲ ಗೆದ್ದು ನಿಲ್ಲಿಸಿಕೊಂಡನು. ಬಾರದೇಶ ಸಾಷ್ಟಿಗಳು 1543ರಲ್ಲಿ ಆದಿಲಶಾಹಿಯಿಂದ ಅವರಿಗೆ ಹೋದವು. ಇವುಗಳ ಸುತ್ತಲಿನ ಪೋಂಡೆ, ಡಿಚೋಲಿ ಮೊದಲಾದ ಸೀಮೆಗಳು ಮುಂದೆಯೂ ವಿಜಾಪುರದ ಅಧಿಕಾರಿಗಳ ಕೈಯಲ್ಲಿಯೇ ಇದ್ದವು. ಮಾಂಡವಿ, ಜುವಾರಿ ಎಂಬ ಎರಡು ನದಿಗಳೇ ಗಡಿ. ಉಷ್ಣವೂ ತೇವವೂ ಕೂಡಿದ ಹವೆ, ಮಳೆ ಅತಿಶಯ, ತೆಂಗು ಭತ್ತ ಉಪ್ಪಾಗರಗಳಿಂದ ತುಂಬಿದ ಈ ನೆಲವು ತನ್ನ ಪಟ್ಟಣಕ್ಕೆ ಬೇಕಾದಷ್ಟು ಧಾನ್ಯವನ್ನು ಮಾತ್ರ ಬೆಳೆಯಲಾರದು. ಅಕ್ಕಿಯು ಕನ್ನಡ ಜಿಲ್ಲೆಯ ಕರಾವಳಿಯಿಂದ ಹಡಗಿನಲ್ಲಿಯೂ, ಮಿಕ್ಕ ದಿನಸುಗಳು ಘಟ್ಟದ ಮೇಲಿಂದಲೂ ಬರಬೇಕಾಗಿತ್ತು. 1583ರಿಂದ 1588ರ ವರೆಗೆ ಗೋವೆಯಲ್ಲಿದ್ದ ಲಿನ್ಸ್‌ಖೋಟನೆಂಬ ಡಚ್ಚನು ಈ ಮೇಲುನಾಡನ್ನು ಬಾಲಾಘಾಟವೆಂದು ಕರೆದು, ಅಲ್ಲಿಯ ದಖನಿಗಳೂ ಕನ್ನಡಿಗರೂ ಗೋವೆಯ ಬೀದಿಗಳಲ್ಲಿ ಅಂಗಡಿಗಳನ್ನಿಟ್ಟು ಬಟ್ಟೆ ಬರೆ ಮುಂತಾದವನ್ನು ಮಾರುತ್ತಿದ್ದುದನ್ನು ಬರೆದಿದ್ದಾನೆ. ಇಂದಿಗೂ ವಿಜಾಪುರ ಸೀಮೆಯ ತಾಂಡಾಗಳಲ್ಲಿ ವಾಸಿಸುವ ಲಮಾಣಿಗಳ ಪೂರ್ವಿಕರಂಥ ಹೇರಿನ ವ್ಯಾಪಾರಸ್ಥರೇ ಆ ಸಾಗಾಟದ ಬೆನ್ನೆಲುಬಾಗಿದ್ದರು.

ಅರಸುತನದ ಬದಲಾವಣೆಯಲ್ಲಿ ಒಂದು ವಿಚಿತ್ರ ಸಂಯೋಗವಿದೆ. ಇ. ಸ. 1580ರ ಜನವರಿಯಲ್ಲಿ ಪೋರ್ತುಗಾಲದ ಅರಸನಾದ ಹೆನ್ರಿಕನು ಮಕ್ಕಳಿಲ್ಲದೆ ತೀರಿಕೊಂಡನು. ಅದೇ ವರ್ಷ ವಿಜಾಪುರದಲ್ಲಿ ಮಕ್ಕಳಿಲ್ಲದ ಅಲಿ ಆದಿಲಶಹನು ಕೊಲೆಯಾದನು. ಅಲ್ಲಿ ಸ್ಪೇನಿನ ಎರಡನೆಯ ಫಿಲಿಪ್ಪನು ದಂಡು ಕಳಿಸಿ ಕಿರೀಟವನ್ನು ಪಡೆದನು. ಇಲ್ಲಿ ಒಂಬತ್ತು ವರ್ಷದ ಇಬ್ರಾಹಿಮನು ಚಾಂದಬೀಬಿಯ ಮೇಲ್ವಿಚಾರಣೆಯಲ್ಲಿ ಪಟ್ಟವೇರಿದನು. ಒಬ್ಬ ಬಾಲಕನ ಸುತ್ತ ಕಾಮಿಲಖಾನ, ಕಿಶ್ವರಖಾನ, ಇಖಲಾಸಖಾನ, ದಿಲಾವರಖಾನರು ಒಬ್ಬರನ್ನೊಬ್ಬರು ಕೆಡಹುತ್ತಿದ್ದ ಹತ್ತು ವರ್ಷಗಳಲ್ಲಿ ಗೋವೆಯ ಮೇಲೆ ಏರಿಹೋಗುವ ಶಕ್ತಿಯು ವಿಜಾಪುರಕ್ಕೆ ಇರಲಿಲ್ಲ. ಒಡೆತನ ಬದಲಾದ ಗೋವೆಗೂ ಘಟ್ಟವೇರುವ ಹವಣು ಇರಲಿಲ್ಲ. ಹೀಗೆ ಎರಡು ದುರ್ಬಲತೆಗಳು ಕೂಡಿ ಒಂದು ಶಾಂತಿಯಾಯಿತು. ಇದಕ್ಕೆ ಹತ್ತೇ ವರ್ಷ ಹಿಂದೆ, 1570-71ರಲ್ಲಿ, ಅಲಿ ಆದಿಲಶಹನು ನಿಜಾಮಶಹನ ಮತ್ತು ಕಲ್ಲಿಕೋಟೆಯ ಸಾಮೂದಿರಿಯ ಒಪ್ಪಂದದಿಂದ ಗೋವೆಗೆ ಮುತ್ತಿಗೆ ಹಾಕಿ, ಬಹಳ ಜನಹಾನಿಯ ತರುವಾಯ ಬರಿಗೈಯಿಂದ ಹಿಂತಿರುಗಿದ್ದನೆಂಬುದನ್ನು ನೆನೆದರೆ ಈ ಶಾಂತಿಯ ಬೆಲೆಯು ತಿಳಿಯುವದು.

ಸ್ಪೇನಿನ ಅರಸನು ಗೋವೆಯನ್ನು ಹೇಗೆ ಆಳಿದನು? ಈ ಸಂಗತಿಯಲ್ಲಿ ಹಲವರು ತಪ್ಪು ತಿಳಿಯುವದುಂಟು. ಪನಾಮಾ, ಗ್ವಾಟೆಮಾಲಾ ಮೊದಲಾದ ಅಮೇರಿಕೆಯ ನಾಡುಗಳಂತೆ ಗೋವೆಯು ಸ್ಪೇನಿನ ಇಂಡೀಸ್ ಸಭೆಯ ಕೈಗೆ ಹೋಗಲಿಲ್ಲ. 1581ರಲ್ಲಿ ತೋಮಾರ್ ಎಂಬ ಊರಿನಲ್ಲಿ ಕೂಡಿದ ಪ್ರತಿನಿಧಿಸಭೆಯ ಮುಂದೆ ಫಿಲಿಪ್ಪನು, ಪೋರ್ತುಗಾಲದ ಮತ್ತು ಅದರ ಸಾಗರಾಂತರ ದೇಶಗಳ ಅಧಿಕಾರಗಳನ್ನು ಪೋರ್ತುಗೀಜರಿಗೇ ಕೊಡುವೆನೆಂದು ಮಾತು ಕೊಟ್ಟನು. ಆದುದರಿಂದ ಗೋವೆಗೆ ಬಂದ ವೈಸರಾಯನೂ ಪೋರ್ತುಗೀಜನೇ, ಕಚೇರಿಯ ಭಾಷೆಯೂ ಪೋರ್ತುಗೀಜವೇ. ಬದಲಾದುದು ಕಡೆಯ ಆಜ್ಞೆಯು ಹೊರಡುವ ಸ್ಥಳ ಮಾತ್ರ. ಅದು ಈಗ ಮಾದ್ರಿದದಿಂದ, ಅರಸನ ಬಳಿಯಿದ್ದ ಪೋರ್ತುಗಾಲದ ಮಂತ್ರಿಸಭೆಯ ಮೂಲಕ, ಲಿಸ್ಬನ್ನಿನ ಹಡಗು ಹತ್ತಿ ಬರಬೇಕು. ಪತ್ರ ಹೋಗಿ ಉತ್ತರ ಬರಲು ಒಂದೂವರೆ ವರ್ಷವಾದರೂ ಬೇಕು. ಅಷ್ಟರೊಳಗೆ ವೈಸರಾಯನ ಮೂರು ವರ್ಷಗಳ ಅವಧಿಯೇ ಅರ್ಧ ಕಳೆದುಹೋಗುತ್ತಿತ್ತು. ಅವನ ಕೆಳಗೆ ಮೇಲ್ಮಟ್ಟದ ನ್ಯಾಯಾಲಯ, ಪಟ್ಟಣದ ನಗರಸಭೆ, ಸುಂಕದ ಮನೆ, ಟಂಕಸಾಲೆ, ಧರ್ಮವಿಚಾರಣೆಯ ಕಟ್ಟಳೆ. ಹಳ್ಳಿಗಳಲ್ಲಿ ಮಾತ್ರ ಪೂರ್ವದ ಗಾಂವಕರರ ಸಾಮೂಹಿಕ ವ್ಯವಸ್ಥೆಯನ್ನೇ ಉಳಿಸಿಕೊಂಡಿದ್ದರು. ಅದರ ಕಟ್ಟುಪಾಡುಗಳನ್ನು 1526ರಲ್ಲಿಯೇ ಬರಹಕ್ಕೆ ಇಳಿಸಲಾಗಿತ್ತು.

ಮೇಲುನಾಡಿನ ವ್ಯವಸ್ಥೆಯೂ ಬುಡದಲ್ಲಿ ಇದರಿಂದ ಬಹಳ ದೂರವಿರಲಿಲ್ಲ. ಸುಲ್ತಾನ, ವಜೀರ, ಸರಲಷ್ಕರ, ಹವಾಲದಾರ ಇವರು ಬದಲಾಗುತ್ತ ಹೋದರೂ ದೇಸಾಯಿ, ನಾಡಗೌಡ, ದೇಶಪಾಂಡೆ, ಗೌಡ, ಕುಲಕರ್ಣಿಗಳು ವಂಶಪರಂಪರೆಯಾಗಿ ನಿಂತಿದ್ದರು. ಹೊಸ ಒಡೆಯನು ಬಂದಾಗ ಲೆಕ್ಕದ ಕಡತವು ಅದೇ ಮನೆಯಲ್ಲಿರುತ್ತಿತ್ತು. ಮೊದಲನೆಯ ಇಬ್ರಾಹಿಮ ಆದಿಲಶಹನ ಕಾಲಕ್ಕೆ ಕಂದಾಯದ ಲೆಕ್ಕವು ಪಾರಸಿಯನ್ನು ಬಿಟ್ಟು ದೇಶಭಾಷೆಗೆ ತಿರುಗಿ ಬ್ರಾಹ್ಮಣ ಲೆಕ್ಕಿಗರ ಕೈ ಸೇರಿತೆಂದು ಫಿರಿಸ್ತನು ಹೇಳುತ್ತಾನೆ. ಆದರೆ ಒಂದು ಭೇದವು ಮರೆಯತಕ್ಕದ್ದಲ್ಲ. ಗೋವೆಯಲ್ಲಿ 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯವು ಸ್ಥಾಪಿತವಾಯಿತು; ಸಾಷ್ಟಿಯ ದೇವಸ್ಥಾನಗಳು ಕೆಡವಲ್ಪಟ್ಟವು. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗಾ ಮೊದಲಾದ ದೇವತೆಗಳನ್ನು ಭಕ್ತರು ರಾತ್ರೋರಾತ್ರಿ ನದಿ ದಾಟಿಸಿ ಪೋಂಡೆಯ ಸೀಮೆಗೆ ತಂದರು. ಆ ಸೀಮೆಯು ಮುಸಲ್ಮಾನ ಸುಲ್ತಾನನದು. ವಿಜಾಪುರದ ಹವಾಲದಾರನ ಕೈಕೆಳಗಿನದು. ಆ ದೇವಸ್ಥಾನಗಳು ಇಂದಿಗೂ ಅಲ್ಲಿಯೇ ಇವೆ. ಆದಿಲಶಾಹಿಯ ಧರ್ಮನೀತಿಯನ್ನು ಒಂದೇ ಮಾತಿನಲ್ಲಿ ತೀರ್ಮಾನಿಸುವವರು ಈ ನದಿಯ ಎರಡು ದಂಡೆಗಳನ್ನೂ ನೋಡಬೇಕು.

ಗಡಿಯ ಬಾಳು ಹೀಗಿರಲು, ವ್ಯಾಪಾರದ ಬಾಳು ಬೇರೆ. ಪೋರ್ತುಗೀಜರು ಸಮುದ್ರವನ್ನು ತಮ್ಮದೆಂದು ಸಾರಿ, ತಮ್ಮ ರಹದಾರಿಯಿಲ್ಲದ ಹಡಗನ್ನು ಹಿಡಿಯುತ್ತಿದ್ದರು. ಈ ರಹದಾರಿಗೆ ಕಾರ್ತಾಜ್ ಎಂದು ಹೆಸರು. ಒಪ್ಪಂದದ ಮೇರೆಗೆ ಆದಿಲಶಹನ ದಾಬೋಳ ಮೊದಲಾದ ಬಂದರುಗಳ ಹಡಗುಗಳಿಗೆ ವರ್ಷಕ್ಕೆ ಕೆಲವು ಕಾರ್ತಾಜ್‌ಗಳು ಸಲ್ಲುತ್ತಿದ್ದವು. ಹಜ್ಜಿಗೆ ಹೋಗುವವರೂ ಹುರ್ಮುಜಿಗೆ ಸರಕೊಯ್ಯುವವರೂ ಅದರ ಮೇಲೆಯೇ ಹೋಗಬೇಕು. ಒಬ್ಬ ಸುಲ್ತಾನನು ತನ್ನ ಬಂದರಿನಿಂದ ತನ್ನ ಹಡಗನ್ನು ಹೊರಡಿಸಲು ನೆರೆಯ ಪರದೇಶೀಯನ ಚೀಟಿಯನ್ನು ಬೇಡಬೇಕಾಗಿದ್ದುದು ಸಣ್ಣ ಅವಮಾನವಲ್ಲ. ಆದರೂ ಅದನ್ನು ಸಹಿಸಿದುದಕ್ಕೆ ಕಾರಣವು ಕುದುರೆ. ಅರಬಸ್ಥಾನದ ಮತ್ತು ಇರಾಣದ ಕುದುರೆಗಳು ಹುರ್ಮುಜಿನಿಂದ ಗೋವೆಗೆ ಬರುತ್ತಿದ್ದವು. ಅಲ್ಲಿ ಸುಂಕ ತೆತ್ತು ಘಟ್ಟವೇರುತ್ತಿದ್ದವು. ರಕ್ಕಸತಂಗಡಿಯ ಯುದ್ಧದಲ್ಲಿ (1565) ವಿಜಯನಗರವು ಬಿದ್ದ ಬಳಿಕ ಈ ವ್ಯಾಪಾರದ ದೊಡ್ಡ ಗಿರಾಕಿಯೊಬ್ಬನು ಇಲ್ಲದಂತಾಗಿ ಗೋವೆಯ ಸುಂಕವು ಇಳಿಯಿತು. ಗೆದ್ದ ವಿಜಾಪುರವು ಸೋತ ವೈರಿಯೊಡನೆ ಗೋವೆಯ ಸಂಪತ್ತಿಗೂ ಪೆಟ್ಟು ಕೊಟ್ಟಿತೆಂಬುದನ್ನು ಆಗ ಯಾರೂ ಎಣಿಸಿರಲಿಕ್ಕಿಲ್ಲ.

ಗೋವೆಯಿಂದ ಮೇಲಕ್ಕೆ ಬಂದವರಲ್ಲಿ ಒಬ್ಬನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಅವನು ಬ್ರೂಜ್ ಪಟ್ಟಣದಲ್ಲಿ ಹುಟ್ಟಿದ ಯಾಕ್ ದೆ ಕೂತ್ರನೆಂಬ ರತ್ನವ್ಯಾಪಾರಿ. ಸ್ಪೇನಿನ ಅರಸನ ಪ್ರಜೆಯಾದ ಈ ಫ್ಲೆಮಿಶನು ಮಲಾಕಾ ಮುಂತಾದ ಕಡೆಗಳಲ್ಲಿ ತಿರುಗಿ, ಗೋವೆಯಲ್ಲಿ ಮನೆ ಮಾಡಿ, ಇಬ್ರಾಹಿಮ ಆದಿಲಶಹನ ಕಾಲದಲ್ಲಿ ವಿಜಾಪುರಕ್ಕೆ ಹಲವು ಸಲ ಬಂದನು. ದರಬಾರಿಗೆ ಒಡವೆಗಳನ್ನು ಮಾರಿದನು. ಕರ್ನೂಲು ಸೀಮೆಯ ರಾಮಳ್ಳಕೋಟೆಯ ವಜ್ರದ ಗಣಿಗಳವರೆಗೂ ಹೋದನು. 1623ರಲ್ಲಿ ಗೋವೆಯ ಸರಕಾರವು ಡಚ್ಚರೊಡನೆ ಸಂಬಂಧವಿದೆಯೆಂಬ ಸಂಶಯದಿಂದ ಅವನನ್ನೂ ಅವನ ಅಣ್ಣತಮ್ಮಂದಿರಲ್ಲೊಬ್ಬನನ್ನೂ ಹಿಡಿದು ಯುರೋಪಿಗೆ ಕಳಿಸಿತು. ಅವನು ಮುಂದೆ ಸ್ಪೇನಿನಲ್ಲಿಯೇ ಉಳಿದು 1640ರಲ್ಲಿ ತೀರಿಕೊಂಡನು. ಅವನ ಮಗನು ಸಿದ್ಧಪಡಿಸಿದ ಜೀವನವೃತ್ತಾಂತವು ಸ್ಪ್ಯಾನಿಷ್ ಭಾಷೆಯಲ್ಲಿದ್ದು ಅದರ ಹಸ್ತಪ್ರತಿಯು ಮಾದ್ರಿದದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ವಿಜಾಪುರದ ಇತಿಹಾಸಕ್ಕೆ ಪಾರಸಿ, ಮರಾಠಿ, ಕನ್ನಡ, ಪೋರ್ತುಗೀಜ ಆಧಾರಗಳನ್ನು ಹುಡುಕುವವರು ಈ ಒಂದು ಸ್ಪ್ಯಾನಿಷ್ ಆಧಾರವನ್ನೂ ಕೈಬಿಡಬಾರದು. ಈತನು ಮಾರುವವನಾದ್ದರಿಂದ ಅವನ ಕಣ್ಣು ಬೆಲೆಯ ಮೇಲಿರುತ್ತದೆ. ಆಸ್ಥಾನದ ಬರಹಗಾರರಲ್ಲಿ ಈ ಕಣ್ಣು ಅಪರೂಪ.

ಇಷ್ಟು ವಜ್ರ, ಬಟ್ಟೆ, ಮೆಣಸುಗಳಿಗೆ ಗೋವೆಯು ಕೊಟ್ಟುದು ಏನು? ಬಹುಪಾಲು ಬೆಳ್ಳಿ. ಆ ಬೆಳ್ಳಿಯ ದಾರಿಯನ್ನು ನೋಡಿದರೆ ಸ್ಪೇನಿನ ಸಂಬಂಧದ ನಿಜವಾದ ಅರ್ಥವಾಗುವದು. ಇಂದಿನ ಬೊಲಿವಿಯಾ ದೇಶದ ಪೊತೊಸಿ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿಯು ಸಿಕ್ಕಿತು. ಅಲ್ಲಿಂದ ಲಾಮಾ ಎಂಬ ಪ್ರಾಣಿಗಳ ಬೆನ್ನ ಮೇಲೆ ಕಡಲಿಗೆ ಇಳಿದು, ಹಡಗಿನಿಂದ ಪನಾಮಾಕ್ಕೆ ಬಂದು, ಆ ಕಿರಿದಾದ ಭೂಸಂಧಿಯನ್ನು ಹೇಸರಗತ್ತೆಗಳ ಮೇಲೆ ದಾಟಿ, ಪೋರ್ತೊಬೆಲೊ ಬಂದರಿನಿಂದ ಮತ್ತೆ ಹಡಗು ಹತ್ತಿ ಸೆವಿಲ್ಲೆಗೆ ಸೇರುತ್ತಿತ್ತು. ಪನಾಮಾವು ಇಂದು ಸ್ಪ್ಯಾನಿಷ್ ಮಾತಾಡುವ ಸ್ವತಂತ್ರವಾದ ಚಿಕ್ಕ ಉಷ್ಣದೇಶ. 1903ರಲ್ಲಿ ಕೊಲಂಬಿಯಾದಿಂದ ಬೇರೆಯಾಯಿತು. ಅದರ ಕಾಲುವೆಯು 1914ರಲ್ಲಿ ತೆರೆಯಿತು. ಅಂದಿನ ಪನಾಮಾದ ಜೀವನವೆಲ್ಲ ಹೇಸರಗತ್ತೆಯ ಬೆನ್ನಿನ ಮೇಲೆ ನಿಂತಿತ್ತು. ತಾನು ಬೆಳೆದುದು ಸ್ವಲ್ಪ; ಪರರ ಸರಕು ದಾಟಿಸಿದುದೇ ಆದಾಯ. ಗೋವೆಯ ಸ್ಥಿತಿಯು ಇದಕ್ಕೆ ಎಷ್ಟು ಹತ್ತಿರವೆಂಬುದನ್ನು ವಾಚಕರು ತಾವೇ ಕಾಣಬಹುದು. ಅಲ್ಲಿ ಹೇಸರಗತ್ತೆ, ಇಲ್ಲಿ ಹೇರಿನ ಎತ್ತು. ಅಲ್ಲಿ ಭೂಸಂಧಿ, ಇಲ್ಲಿ ಘಟ್ಟ.

ಸೆವಿಲ್ಲೆಯ ಬೆಳ್ಳಿಯಲ್ಲಿ ಒಂದು ಪಾಲು ಲಿಸ್ಬನ್ನಿನ ಹಡಗುಗಳಲ್ಲಿ ಎಂಟು ರಿಯಾಲಿನ ನಾಣ್ಯಗಳಾಗಿ ಗೋವೆಗೆ ಬರುತ್ತಿತ್ತು. ಒಂದೊಂದು ನಾಣ್ಯವು ಸುಮಾರು ಎರಡೂಕಾಲು ತೊಲೆ ತೂಗುವದು. ಮತ್ತೊಂದು ಪಾಲು ಮೆಕ್ಸಿಕೋದ ಅಕಾಪುಲ್ಕೊದಿಂದ ಪೆಸಿಫಿಕ್ ಸಾಗರವನ್ನು ದಾಟಿ ಮನಿಲಾಕ್ಕೆ ಬಂದು, ಅಲ್ಲಿಂದ ಮಕಾವ್ ಮೂಲಕ ಗೋವೆಯನ್ನು ಸೇರುತ್ತಿತ್ತು. ಅರಸನ ಕಾಯಿದೆಯಲ್ಲಿ ಈ ಎರಡನೆಯ ದಾರಿಗೆ ನಿಷೇಧವಿದ್ದರೂ ವರ್ತಕರು ಅದನ್ನು ಲೆಕ್ಕಿಸಲಿಲ್ಲ. ವಿಜಾಪುರದ ಸ್ವಂತ ನಾಣ್ಯಗಳಲ್ಲಿ ಹೊನ್ನೂ ತಾಮ್ರವೂ ಮುಖ್ಯ. ಬೆಳ್ಳಿಯನ್ನು ಜನರು ಹೊರಗಿನ ನಾಣ್ಯವಾಗಿ, ತೂಕದ ಲೋಹವಾಗಿ, ಒಡವೆಯಾಗಿ ಬಳಸುತ್ತಿದ್ದರು. ಇರಾಣದ ಲಾರ್ ಪಟ್ಟಣದಿಂದ ಹೆಸರು ಪಡೆದ, ಮಡಿಚಿದ ತಂತಿಯ ರೂಪದ ಲಾರಿ ನಾಣ್ಯವು ಕೊಂಕಣದ ಬಂದರುಗಳಲ್ಲಿ ಸಲ್ಲುತ್ತಿತ್ತು. ಐದು ಲಾರಿಗೆ ಸುಮಾರು ಒಂದು ಎಂಟು ರಿಯಾಲಿನ ನಾಣ್ಯ. ಎರಡನೆಯ ಅಲಿ ಆದಿಲಶಹನು ಹಿಜರಿ 1071ರಲ್ಲಿ (ಇ. ಸ. 1660-61) ತನ್ನ ಹೆಸರಿನಿಂದಲೇ ಲಾರಿಗಳನ್ನು ಹೊಡೆಯಿಸಿದನು.

ಬೆಳ್ಳಿಗಿಂತಲೂ ಆಳವಾಗಿ ಬೇರೂರಿದುದು ಗಿಡಗಳು. ಅಕಬರನು ತನ್ನ ಮಗ ದಾನಿಯಾಲನಿಗೆ ಇಬ್ರಾಹಿಮನ ಮಗಳನ್ನು ಕರೆತರಲು ಕಳಿಸಿದ ಅಸದಬೇಗನು 1604ರ ಸುಮಾರಿಗೆ ವಿಜಾಪುರದಲ್ಲಿದ್ದನು. ಪೇಟೆಯ ಅಗಲವಾದ ಬೀದಿಯಲ್ಲಿ ರತ್ನ, ಆಯುಧ, ಬಟ್ಟೆ, ರೊಟ್ಟಿ, ಮದ್ಯ, ಮೀನುಗಳ ಅಂಗಡಿಗಳು ಸಾಲಾಗಿದ್ದುದನ್ನು ಬೆರಗಿನಿಂದ ಬರೆದ ಆತನು, ಹಿಂದೂಸ್ಥಾನದಲ್ಲಿ ಹಿಂದೆ ಕಾಣದ ಒಂದು ವಸ್ತುವನ್ನೂ ಅಲ್ಲಿಂದ ಒಯ್ದನು. ಅದು ತಂಬಾಕು. ರತ್ನಖಚಿತವಾದ ಕೊಳವೆಯೊಡನೆ ಅದನ್ನು ಮುಂದಿಟ್ಟಾಗ ಅಕಬರನು ಒಂದೆರಡು ಗುಟುಕು ಸೇದಿ ನೋಡಿದನು, ವೈದ್ಯನು ಬೇಡವೆಂದನು, ಆಸ್ಥಾನದ ಸರದಾರರು ಮಾತ್ರ ವೈದ್ಯನ ಮಾತನ್ನು ಕೇಳಲಿಲ್ಲ. ಜಹಾಂಗೀರನು 1617ರಲ್ಲಿ ನಿಷೇಧಿಸಿದರೂ ಚಟವು ನಿಲ್ಲಲಿಲ್ಲ. ಸ್ಪೇನಿನ ಅಮೇರಿಕೆಯ ಎಲೆಯೊಂದು ದಿಲ್ಲಿ ಆಗ್ರಾಗಳ ಆಸ್ಥಾನವನ್ನು ವಿಜಾಪುರದ ಪೇಟೆಯಿಂದ ಮುಟ್ಟಿತೆಂಬುದು ಈ ಪಡುವಣ ದಾರಿಯ ಮಹತ್ವಕ್ಕೆ ಒಳ್ಳೆಯ ಸಾಕ್ಷಿ.

ಮೆಣಸಿನಕಾಯಿ, ಪೇರಲ, ಸೀತಾಫಲ, ಅನಾನಸು, ಬಟಾಟೆ, ಶೇಂಗಾ ಇವೆಲ್ಲ ಅಮೇರಿಕೆಯ ಮೂಲದವೇ. ಇವುಗಳಲ್ಲಿ ಕೆಲವು ಬೇಗ, ಕೆಲವು ಶತಕಗಳ ಮೇಲೆ ನಮ್ಮ ಹೊಲಗಳಿಗೆ ಬಂದವು; ಶೇಂಗಾ ಇಲ್ಲಿ ಹಬ್ಬಿದುದು ಈಚಿನದೇ. ಮೆಣಸಿನ ಕೆಲಸವನ್ನು ಮಾಡಿದ್ದರಿಂದ ಹೊಸ ಕಾಯಿಗೆ ಮೆಣಸಿನಕಾಯಿಯೆಂದೇ ಹೆಸರಿಟ್ಟ ನಮ್ಮ ಜನರ ಜಾಣತನವು ಮೆಚ್ಚತಕ್ಕದ್ದು. ಇಂದು ಕೆಂಪು ಹಿಂಡಿಯಿಲ್ಲದೆ ಜೋಳದ ರೊಟ್ಟಿಯನ್ನು ಉಣ್ಣದ ತಿಕೋಟೆಯ ಒಕ್ಕಲಿಗನಿಗೆ ಇದು ಪರದೇಶದ್ದೆಂದರೆ ನಗೆ ಬಂದೀತು. ನಾವು ಗೋವಿನಜೋಳವೆನ್ನುವ ಧಾನ್ಯದ ಹೆಸರಿನಲ್ಲಿ ಗೋವೆಯನ್ನು ಕಾಣುವವರಿದ್ದಾರೆ. ಧಾನ್ಯವು ಅಮೇರಿಕೆಯದೆಂಬುದು ನಿಜವಾದರೂ ಬರಿಯ ಶಬ್ದಸಾಮ್ಯದ ಮೇಲೆ ಇತಿಹಾಸವನ್ನು ಕಟ್ಟುವದು ತರವಲ್ಲ. ಸಂದೇಹವಿಲ್ಲದ ಶಬ್ದಗಳೇ ಬೇಕಾದಷ್ಟಿವೆ. ಪಗಾರ, ಚಾವಿ, ಬಟಾಟೆ, ಪಾದ್ರಿ ಇವು ಪೋರ್ತುಗೀಜದಿಂದ ಬಂದು ಈ ಸೀಮೆಯ ಮಾತಿನಲ್ಲಿ ಬೆರೆತಿವೆ. ಸಾಲವು ಎರಡೂ ಕಡೆಯದು. ಗೋವೆಯ ಜನರನ್ನು ಪೋರ್ತುಗೀಜರು ಕನಾರಿಗಳೆಂದು ಕರೆದರು. ಇಂಗ್ಲಂಡದಿಂದ 1579ರಲ್ಲಿ ಗೋವೆಗೆ ಬಂದ ಪಾದ್ರಿ ತೋಮಸ್ ಸ್ಟೀಫನ್ಸನು ರಚಿಸಿದ ಕೊಂಕಣಿಯ ವ್ಯಾಕರಣವು ಅವನು ತೀರಿಕೊಂಡ ಮೇಲೆ 1640ರಲ್ಲಿ ರಾಯತೂರಿನಲ್ಲಿ ಅಚ್ಚಾದಾಗ ಆ ಭಾಷೆಗೆ ಕನಾರಿಂ ಎಂಬ ಹೆಸರೇ ಮುಖಪತ್ರದ ಮೇಲೆ ಬಿದ್ದಿತು. ಕೊಂಕಣಿಯು ಕನ್ನಡವಲ್ಲ; ಆದರೆ ಕದಂಬರ ಕಾಲದಿಂದ ಕನ್ನಡ ಅರಸರ ಕೈಕೆಳಗಿದ್ದ ನಾಡಿಗೆ ಪರಕೀಯರು ಕೊಟ್ಟ ಈ ಹೆಸರು ಸುಮ್ಮನೆ ಬಂದುದಲ್ಲ.

ಸ್ಪೇನಿನ ಒಡೆತನವು ಗೋವೆಗೆ ತಂದ ಕೇಡು ಮತ್ತೊಂದು. ಸ್ಪೇನಿನ ವೈರಿಗಳೆಲ್ಲ ಈಗ ಗೋವೆಯ ವೈರಿಗಳಾದರು. 1602ರಲ್ಲಿ ಹುಟ್ಟಿದ ಡಚ್ಚರ ಕಂಪನಿಯ ಹಡಗುಗಳು ಎರಡೇ ವರ್ಷಗಳಲ್ಲಿ ಗೋವೆಯ ಅಳಿವೆಯ ಮುಂದೆ ಬಂದು ನಿಂತವು. 1622ರಲ್ಲಿ ಇರಾಣದ ಶಹನು ಇಂಗ್ಲಿಷರ ನೆರವಿನಿಂದ ಹುರ್ಮುಜನ್ನು ಗೆದ್ದುಕೊಂಡದ್ದರಿಂದ ಕುದುರೆಯ ದಾರಿಯೂ ಗೋವೆಯ ಕೈಬಿಟ್ಟಿತು. ಇದನ್ನು ವಿಜಾಪುರವು ನೋಡುತ್ತ ಕುಳಿತಿರಲಿಲ್ಲ. ಹಾರ್ಲೆಮ್ ಊರಿನ ಚಿತ್ರಗಾರ ಕೊರ್ನೇಲಿಸ್ ಹೆಡಾ ಎಂಬವನು ಇಬ್ರಾಹಿಮನ ಆಶ್ರಯದಲ್ಲಿ ನವರಸಪುರದಲ್ಲಿದ್ದು, ತನ್ನ ದೇಶದ ಕಂಪನಿಯವರಿಗೆ ಅಲ್ಲಿಂದ ಕಾಗದಗಳನ್ನು ಬರೆಯುತ್ತಿದ್ದನು. ಮಹಮ್ಮದ ಆದಿಲಶಹನ ಕಾಲದಲ್ಲಿ, 1637ರಲ್ಲಿ, ಯೋಹಾನ್ ವಾನ್ ಟ್ವಿಸ್ಟನು ಡಚ್ಚರ ರಾಯಭಾರಿಯಾಗಿ ವಿಜಾಪುರಕ್ಕೆ ಬಂದು ವೆಂಗುರ್ಲೆಯಲ್ಲಿ ವಖಾರಿಯನ್ನು ತೆರೆಯಲು ಅಪ್ಪಣೆ ಪಡೆದನು. ಅದೇ ವರ್ಷದಿಂದ ಡಚ್ಚರು ವರ್ಷವರ್ಷವೂ ಗೋವೆಯ ಅಳಿವೆಯನ್ನು ಮುಚ್ಚತೊಡಗಿದರು. ಅವರ ಹಡಗುಗಳಿಗೆ ಬೇಕಾದ ನೀರು ಸಾಮಗ್ರಿಗಳು ವಿಜಾಪುರದ ಬಂದರಿನಿಂದ ಸಿಕ್ಕವು. ಮುತ್ತಿಗೆಯಿಂದ ಅಲಿ ಆದಿಲಶಹನು ಪಡೆಯಲಾರದ ಸೇಡನ್ನು ಅವನ ವಂಶದವನು ಒಂದು ವಖಾರಿಯ ಸನದಿನಿಂದ ತೀರಿಸಿಕೊಂಡನೆನ್ನಬಹುದು. ಗೋವೆಯನ್ನು ಕೆಡಹಿ ತಾನೇ ಹಿಡಿಯುವ ಪ್ರಯತ್ನವನ್ನು ಮಾತ್ರ ವಿಜಾಪುರವು ಮಾಡಲಿಲ್ಲ. ಇಬ್ಬರು ಫಿರಂಗಿಗಳಿದ್ದರೆ ಸರಕಿಗೆ ಬೆಲೆ ಹೆಚ್ಚೆಂಬುದು ಪೇಟೆಯ ಲೆಕ್ಕ.

1640ರ ಡಿಸೆಂಬರ 1ರಂದು ಲಿಸ್ಬನ್ನಿನ ಸರದಾರರು ಸ್ಪೇನಿನ ವಿರುದ್ಧ ಎದ್ದು ನಾಲ್ಕನೆಯ ಜುವಾಂವನನ್ನು ಅರಸನೆಂದು ಸಾರಿದರು. ಸುದ್ದಿಯು 1641ರಲ್ಲಿ ಗೋವೆಯನ್ನು ಮುಟ್ಟಿತು; ಅಲ್ಲಿಯೂ ಹೊಸ ಅರಸನ ಹೆಸರಿನಿಂದ ಪ್ರಮಾಣಗಳಾದವು. ಡಚ್ಚರ ಮುತ್ತಿಗೆಯು ಮಾತ್ರ 1644ರ ವರೆಗೂ ನಿಲ್ಲಲಿಲ್ಲ. ಪೋಂಡೆಯ ಹವಾಲದಾರನು ತನ್ನ ಠಾಣೆಯಲ್ಲಿಯೇ ಇದ್ದನು. ಅಥಣಿಯ ಪೇಟೆಯಲ್ಲಿ ಎಂಟು ರಿಯಾಲಿನ ನಾಣ್ಯವು ಮುಂಚಿನಂತೆಯೇ ತೂಕದ ಮೇಲೆ ಸಲ್ಲುತ್ತಿತ್ತು.